ಕಾರ್ಡಿನ ಚಿತ್ರಕ್ಕೆ ಬಹುಮಾನ ಕೊಡುವ ಮುನ್ನ ಒಮ್ಮೆ ಆಡಿ ನೋಡಿ

ಮಾನ್ಯರೇ,

ಕನ್ನಡ ನಾಡಿನ ಕಥಾಪಾತ್ರಗಳನ್ನು, ಸಂಗ್ರಹಿಸಿ ಬದಲಾಯಿಸಿಕೊಂಡು ಆಡುವ ಟ್ರೇಡಿಂಗ್ ಕಾರ್ಡ್‌ಗಳಾಗಿ ಚಿತ್ರಿಸುವ ಸ್ಪರ್ಧೆಯೊಂದನ್ನು ನಿಮ್ಮ ಭಾನುವಾರದ ಪುರವಣಿ ಪ್ರಕಟಿಸಿದೆ. ಎ4 ಹಾಳೆಯಲ್ಲಿ ಬಣ್ಣದ ಚಿತ್ರ, ಪಾತ್ರದ ಹೆಸರು, ಎರಡು ಸಾಲಿನ ಪರಿಚಯ, ಇಷ್ಟನ್ನು ಕಳಿಸಬೇಕು. ಗೆದ್ದ ಚಿತ್ರಗಳನ್ನು ಆಟದ ಕಾರ್ಡ್‌ಗಳಾಗಿ ಮುದ್ರಿಸಲಾಗುವುದು ಎಂದಿದೆ. ಪೋಕೆಮಾನ್ ಕಾರ್ಡಿಗೆ ಮಕ್ಕಳು ಮುಗಿಬೀಳುತ್ತಿರುವಾಗ ಇಂಥ ಯೋಚನೆ ಬಂದದ್ದೇ ಸಂತೋಷ. ನಮ್ಮ ತಕರಾರು ಒಂದೇ. ಈ ಕಾರ್ಡು ಆಟದಲ್ಲಿ ಏನು ಮಾಡುತ್ತದೆ ಎಂದು ಅರ್ಜಿ ನಮೂನೆಯಲ್ಲಿ ಎಲ್ಲೂ ಕೇಳಿಲ್ಲ. ಮೊದಲು ಚಿತ್ರ ಆರಿಸಿ, ಆಮೇಲೆ ಯಾರೋ ಕೂತು ಅದರ ಕೆಳಗೆ ‘ಶಕ್ತಿ 90, ರಕ್ಷಣೆ 80’ ಎಂದು ಅಂಟಿಸಿದರೆ ಸಿಗುವುದು ಅಂಕಿ ಇರುವ ಕ್ಯಾಲೆಂಡರ್ ಚಿತ್ರವೇ ಹೊರತು ಆಟದ ಕಾರ್ಡಲ್ಲ.

ನಮ್ಮಲ್ಲಿ ಹೀಗೆ ಆಗಿಹೋದದ್ದೂ ಉಂಟು. ಕುಸ್ತಿಪಟುಗಳ ಟ್ರಂಪ್ ಕಾರ್ಡನ್ನು 90ರ ದಶಕದಲ್ಲಿ ಬೆಳೆದವರು ಮರೆತಿರಲಾರರು. ರ್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ ಇವುಗಳಲ್ಲಿ ಯಾವುದಾದರೂ ಒಂದನ್ನು ಕೂಗುವುದು. ಯಾರದು ಹೆಚ್ಚೋ, ರ್ಯಾಂಕಿನಲ್ಲಾದರೆ ಯಾರದು ಚಿಕ್ಕ ಅಂಕಿಯೋ, ಎದುರಾಳಿಯ ಕಾರ್ಡು ಅವರ ಪಾಲು. ಫೋಟೊ ಹರಿದು ಹೋಗಿದ್ದರೂ ಆಟಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ. ಎಲ್ಲದರಲ್ಲೂ ಮೇಲಿರುವ ಕಾರ್ಡು ಯಾರ ಕೈಗೆ ಬಂತೋ ಅವರು ಕಣ್ಣು ಮುಚ್ಚಿಕೊಂಡು ಆಡಬಹುದಿತ್ತು. ಈಗ ಆಟಿಕೆ ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ನಕಲಿ ಪೋಕೆಮಾನ್ ಕಾರ್ಡುಗಳ ಕಥೆಯೂ ಅದೇ. ಮಿಂಚುತ್ತವೆ, ಮಕ್ಕಳು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ, ಆದರೆ ಅಂಕಿಗಳಿಗೆ ತಲೆಬುಡ ಇರುವುದಿಲ್ಲವಾದ್ದರಿಂದ ಆಡಲು ಬರುವುದಿಲ್ಲ.

ಅಸಲಿ ಆಟದಲ್ಲಿ ಚಿತ್ರ ಮತ್ತು ನಿಯಮ ಹೇಗೆ ಒಂದನ್ನೊಂದು ಎಳೆದಾಡುತ್ತವೆ ಎಂಬುದಕ್ಕೆ ಪೋಕೆಮಾನ್ ಆಟದ ಡ್ರ್ಯಾಗನ್ ಚಾರಿಜಾರ್ಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪೋಕೆಮಾನ್ ಕಾರ್ಡು 1996ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಬಂತು, 1999ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ. ಇಂಗ್ಲಿಷಿನ ಮೊದಲ ಸೆಟ್ಟಿನ 102 ಕಾರ್ಡುಗಳಲ್ಲಿ ನಾಲ್ಕನೆಯದು ಮಿತ್ಸುಹಿರೊ ಅರಿತ ಬರೆದ ಬೆಂಕಿಯುಗುಳುವ ಚಾರಿಜಾರ್ಡ್. ಸಂಗ್ರಹಕಾರರು ಇವತ್ತಿಗೂ ಅದಕ್ಕೆ ಕೊಡುವ ಬೆಲೆ ಎಲ್ಲರಿಗೂ ಗೊತ್ತು. ಆಟದಲ್ಲಿ ಅದರ ಪಾಡೇನು? ಜೀವ 120, ಆ ಸೆಟ್ಟಿನಲ್ಲಿ ಅದಕ್ಕಿಂತ ಹೆಚ್ಚು ಜೀವ ಬೇರೆ ಯಾವುದಕ್ಕೂ ಇಲ್ಲ. ‘ಫೈರ್ ಸ್ಪಿನ್’ ದಾಳಿಗೆ 100 ಏಟು. ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಬೆಳೆದು ಬರುವ ಪ್ರಾಣಿ: ಮೊದಲು ಚಾರ್ಮಾಂಡರ್, ಅದರ ಮೇಲೆ ಚಾರ್ಮೀಲಿಯನ್, ಅದರ ಮೇಲೆ ಚಾರಿಜಾರ್ಡ್ ಕೂರಬೇಕು. ಒಂದೇ ಸರದಿಯಲ್ಲಿ ಎರಡು ಮೆಟ್ಟಿಲು ಹತ್ತುವಂತಿಲ್ಲ. ದಾಳಿಗೆ ನಾಲ್ಕು ಬೆಂಕಿ ಎನರ್ಜಿ ಬೇಕು, ಎನರ್ಜಿ ಕಾರ್ಡನ್ನು ಸರದಿಗೆ ಒಂದೇ ಹಾಕಬಹುದು. ಒಮ್ಮೆ ದಾಳಿ ಮಾಡಿದರೆ ಎರಡು ಎನರ್ಜಿ ಕಾರ್ಡು ಕಿತ್ತುಹಾಕಬೇಕು. ಎರಡರ ಬೆಲೆಯಿರುವ ಡಬಲ್ ಕಲರ್‌ಲೆಸ್ ಎನರ್ಜಿ ಹಾಕಿ, ಚಾರಿಜಾರ್ಡ್‌ನದೇ ‘ಎನರ್ಜಿ ಬರ್ನ್’ ಶಕ್ತಿಯಿಂದ ಅದನ್ನು ಬೆಂಕಿಯಾಗಿಸುವ ಜಾಣತನವೂ ಇತ್ತು. ಆದರೆ ಎರಡೇ ಕಾರ್ಡಿನಲ್ಲಿ ನಾಲ್ಕು ಎನರ್ಜಿ ಒದಗಿಸಿದವರು ದಾಳಿಯ ನಂತರ ಆ ಎರಡನ್ನೂ ಕಳೆದುಕೊಂಡು ಬರಿಗೈಯಾಗುತ್ತಿದ್ದರು.

ಇದೇ ಸೆಟ್ಟಿನ ಹಿಟ್‌ಮಾನ್‌ಚಾನ್ ಒಬ್ಬ ಬಾಕ್ಸರ್. ಚಿತ್ರದಲ್ಲಿ ಅಂಥ ಆಕರ್ಷಣೆಯೇನಿಲ್ಲ. ಜೀವ 70. ಮೆಟ್ಟಿಲು ಹತ್ತುವ ಗೋಜಿಲ್ಲ, ನೇರವಾಗಿ ಮೇಜಿಗಿಳಿಯುತ್ತದೆ, ಒಂದೇ ಎನರ್ಜಿಗೆ 20 ಏಟು. ಚಾರಿಜಾರ್ಡ್ ಸಿದ್ಧವಾಗುವ ಹೊತ್ತಿಗೆ ಇದು 80 ಏಟು ಹಾಕಿ ಮುಗಿಸಿರುತ್ತದೆ. ಹಿಟ್‌ಮಾನ್‌ಚಾನ್, ಎಲೆಕ್ಟಬಜ್ ಮತ್ತು ನಂತರದ ಸೆಟ್ಟಿನ ಸೈಥರ್ ಸೇರಿಸಿದ ‘ಹೇಮೇಕರ್’ ಕಟ್ಟು ಆ ಕಾಲದ ಆಟಗಾರರ ನಿದ್ದೆಗೆಡಿಸಿತ್ತು. ಅದರ ಜೊತೆಗೆ ಎದುರಾಳಿಯ ಎನರ್ಜಿ ಕಿತ್ತುಹಾಕುವ ‘ಎನರ್ಜಿ ರಿಮೂವಲ್’ ಕಾರ್ಡು ಬೇರೆ. ಅದಕ್ಕೆ ವೆಚ್ಚವೇ ಇರಲಿಲ್ಲ, ಕಟ್ಟಿನಲ್ಲಿ ನಾಲ್ಕು ಇಡಬಹುದಿತ್ತು, ಒಂದೇ ಸರದಿಯಲ್ಲಿ ಎಷ್ಟು ಬೇಕಾದರೂ ಆಡಬಹುದಿತ್ತು. ಹೀಗಾಗಿ ನಾಲ್ಕು ಎನರ್ಜಿ ಕೂಡಿಸಬೇಕಾದ ಡ್ರ್ಯಾಗನ್ ಕೂತಲ್ಲೇ ಕೊಳೆಯುತ್ತಿತ್ತು. ಕೈಯಲ್ಲಿರುವುದನ್ನೆಲ್ಲ ಎಸೆದು ಏಳು ಕಾರ್ಡು ಎತ್ತಿಕೊಳ್ಳುವ ‘ಪ್ರೊಫೆಸರ್ ಓಕ್’ಗೂ ಇಂಥದ್ದೇ ಸ್ವೇಚ್ಛೆ. ಮುಂದೆ ಇಂಥ ಬಲವಾದ ಕಾರ್ಡುಗಳಿಗೆ ‘ಸಪೋರ್ಟರ್’ ಎಂಬ ವರ್ಗ ಮಾಡಿ ಸರದಿಗೆ ಒಂದೇ ಎಂದು ಕಟ್ಟುಹಾಕಿದರು.

ನಮ್ಮ ಪ್ರಕಾರ ಚಾರಿಜಾರ್ಡ್ ಕೆಟ್ಟ ವಿನ್ಯಾಸ ಅಲ್ಲ. ದೈತ್ಯ ನಿಧಾನವಾಗಿ ಏಳಬೇಕು, ಎದ್ದರೆ ಒಂದೇ ಏಟಿಗೆ ಮುಗಿಸಬೇಕು, ಉಗುಳಿದ ಬೆಂಕಿ ತನ್ನದೇ ಬಲವನ್ನು ತಿನ್ನಬೇಕು ಎಂಬುದು ಚಿತ್ರಕ್ಕೂ ಕಥೆಗೂ ಚೆನ್ನಾಗಿ ಹೊಂದುತ್ತದೆ. ತಪ್ಪು ಆದದ್ದು ಅಕ್ಕಪಕ್ಕದ ಕಾರ್ಡುಗಳಲ್ಲಿ. ಬಹುಮಾನದ ಹನ್ನೆರಡು ಚಿತ್ರಗಳಿಗೆ ಒಂದೊಂದಾಗಿ ಅಂಕಿ ಬರೆದು ಮುಗಿಸಲು ಆಗದಿರುವುದು ಇದೇ ಕಾರಣಕ್ಕೆ. ಒಂದು ಕಾರ್ಡಿನ ಬೆಲೆಯನ್ನು ಉಳಿದ ಕಾರ್ಡುಗಳು ನಿರ್ಧರಿಸುತ್ತವೆ.

ಚಿತ್ರವೇ ನಿಯಮ ಹೇಳುವ ಕಾರ್ಡು ಹೇಗಿರುತ್ತದೆ? ಗಣಿತದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ರಿಚರ್ಡ್ ಗಾರ್ಫೀಲ್ಡ್ ಕಟ್ಟಿದ, 1993ರಲ್ಲಿ ಮಾರುಕಟ್ಟೆಗೆ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ನಲ್ಲಿ ಸೆರಾ ಏಂಜೆಲ್ ಎಂಬ ಕಾರ್ಡಿದೆ. ಡಗ್ಲಸ್ ಶುಲರ್ ಬರೆದ ಚಿತ್ರ: ರೆಕ್ಕೆ, ಕೈಯಲ್ಲಿ ಕತ್ತಿ, ನೆಟ್ಟಗೆ ನಿಂತ ಭಂಗಿ. ನಿಯಮ: ಹಾರುತ್ತದೆ, ಆದ್ದರಿಂದ ನೆಲದ ಮೇಲಿನವರು ತಡೆಯಲಾರರು, ದಾಳಿ ಮಾಡಿದ ಮೇಲೂ ಕಾವಲಿಗೆ ಸಿದ್ಧವಿರುತ್ತದೆ. ಚಿತ್ರ ನೋಡಿದವರು ಅರ್ಧ ನಿಯಮ ಊಹಿಸಿರುತ್ತಾರೆ, ಉಳಿದರ್ಧ ಓದಿದಾಗ ‘ಹೌದಲ್ಲ’ ಅನ್ನಿಸುತ್ತದೆ. ರೆಕ್ಕೆ ಬರೆದು ಹಾರಲಾಗದ ಕಾರ್ಡು ಕೊಟ್ಟಿರೋ, ಆಟಗಾರರು ಪ್ರತಿ ಸಲ ತಪ್ಪಾಗಿ ಆಡುತ್ತಾರೆ. ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಕಣ್ಣು ರೆಕ್ಕೆಯನ್ನೇ ನಂಬುತ್ತದೆ. ಅಂದಹಾಗೆ, ಆ ಆಟವನ್ನು ಮೊದಲು ಪರೀಕ್ಷಿಸಿದ್ದು ಜೆರಾಕ್ಸ್ ಮಾಡಿ ಕತ್ತರಿಸಿದ ಕಾಗದದ ಚೂರುಗಳಲ್ಲಿ. ಕಲಾವಿದರ ಚಿತ್ರಗಳು ಬಂದದ್ದು ಆಮೇಲೆ.

ಈ ಮಾತನ್ನು ಸ್ಪರ್ಧೆಗೆ ಬರಬಹುದಾದ ಒಂದು ಪಾತ್ರಕ್ಕೆ ಹಚ್ಚಿ ನೋಡೋಣ. ಚಿತ್ರದುರ್ಗದ ಒನಕೆ ಓಬವ್ವನ ಚಿತ್ರಗಳು ನಿಮಗೆ ಡಜನ್‌ಗಟ್ಟಲೆ ಬಂದೇ ಬರುತ್ತವೆ. ಬಹುಪಾಲು ಹೀಗಿರುತ್ತವೆ: ಹಿಂದೆ ಕೆಂಪು ಸೂರ್ಯ, ಕೋಟೆ, ಮೈತುಂಬ ಒಡವೆ, ಗದೆ ಹಿಡಿದಂತೆ ಒನಕೆ. ಕೆಳಗೆ ದೊಡ್ಡ ಅಂಕಿ. ಈ ಕಾರ್ಡಿಗೂ ಕಿತ್ತೂರು ಚೆನ್ನಮ್ಮನ ಕಾರ್ಡಿಗೂ ಬೆಳವಡಿ ಮಲ್ಲಮ್ಮನ ಕಾರ್ಡಿಗೂ ಹೆಸರು ಬಿಟ್ಟರೆ ವ್ಯತ್ಯಾಸ ಉಳಿಯುವುದಿಲ್ಲ. ಆದರೆ ಓಬವ್ವನ ಕಥೆಯಲ್ಲಿ ಆಟದ ನಿಯಮ ಸಿದ್ಧವಾಗಿಯೇ ಇದೆ. ಹೈದರಾಲಿಯ ಸೈನಿಕರು ಎಷ್ಟೇ ಇರಲಿ, ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಅವಳು ಗೆದ್ದದ್ದು ತೋಳ್ಬಲದಿಂದಲ್ಲ, ಜಾಗದ ಇಕ್ಕಟ್ಟಿನಿಂದ. ಹಾಗಾದರೆ ಕಾರ್ಡಿನ ನಿಯಮ: ‘ಓಬವ್ವನ ಕಾರ್ಡು ಅಡ್ಡ ತಿರುಗದೆ ನೆಟ್ಟಗಿರುವವರೆಗೆ ಎದುರಾಳಿ ಸರದಿಗೆ ಒಂದೇ ಕಾರ್ಡಿನಿಂದ ದಾಳಿ ಮಾಡಬಹುದು.’

ಅಂಕಿಗೆ ಒಂದು ಅಳತೆಗೋಲು ಬೇಕು. ಆಟದಲ್ಲಿ ಪ್ರತಿ ಸರದಿಗೂ ಹೊನ್ನು ಸಿಗುತ್ತದೆ, ಹೊನ್ನು ಕೊಟ್ಟು ಕಾರ್ಡು ಇಳಿಸಬೇಕು ಎಂದಿಟ್ಟುಕೊಳ್ಳಿ. ವೆಚ್ಚವನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಬರುವ ಅಂಕವನ್ನು ಬಲಕ್ಕೆ (ಹಾಕುವ ಏಟು) ಮತ್ತು ತಾಳಿಕೆಗೆ (ತಾಳುವ ಏಟು) ಹಂಚುವುದು ಒಳ್ಳೆಯ ಆರಂಭ: 1 ಹೊನ್ನಿಗೆ 3 ಅಂಕ, 2 ಹೊನ್ನಿಗೆ 5, 3 ಹೊನ್ನಿಗೆ 7. ವಿಶೇಷ ಶಕ್ತಿ ಇದ್ದರೆ ಅದರ ಬೆಲೆಯನ್ನು ಇದರಲ್ಲೇ ಕಳೆಯಬೇಕು. ಓಬವ್ವ 3 ಹೊನ್ನಿನ ಕಾರ್ಡು. 7 ಅಂಕದಲ್ಲಿ ಶಕ್ತಿಗೆ 2 ಹೋಯಿತು, ಉಳಿದ 5ರಲ್ಲಿ ಬಲ 2, ತಾಳಿಕೆ 3.

ಕಾಗದದ ಮೇಲೆ ಎಲ್ಲ ಸರಿ. ಆಡಲು ಕೂತರೆ ಆಟ ನಿಂತುಹೋಗುತ್ತದೆ. ಕಾರಣ ಇಷ್ಟೆ: ಸರದಿ ಮುಗಿದಾಗ ಗಾಯ ಮಾಯುವ ನಿಯಮವಿದ್ದರೆ, ಬಲ 2ರ ಸೈನಿಕ ಸರದಿಗೊಬ್ಬನಂತೆ ಬಂದು ತಾಳಿಕೆ 3ನ್ನು ಎಂದೆಂದಿಗೂ ಮುರಿಯಲಾರ. ಎದುರಾಳಿಯ ಬಳಿ ಅಗ್ಗದ ಐದು ಸೈನಿಕರಿದ್ದರೂ ನಾಲ್ವರು ಸುಮ್ಮನೆ ನಿಂತಿರುತ್ತಾರೆ. ಇಂಥ ಹೊತ್ತಿನಲ್ಲಿ ಹೊಸಬರು ಮೊದಲು ಮಾಡುವುದು ಬಲ ಇಳಿಸುವುದು. ಪ್ರಯೋಜನವಿಲ್ಲ, ತಡೆಯುತ್ತಿರುವುದು ಬಲವಲ್ಲ. ಆಮೇಲೆ ತಾಳಿಕೆಯನ್ನು 2ಕ್ಕೆ ಇಳಿಸುತ್ತಾರೆ. ಆಗ 1 ಹೊನ್ನಿನ ಸೈನಿಕನೇ ಬಂದು ಓಬವ್ವನನ್ನು ಕೊಲ್ಲುತ್ತಾನೆ, ಕಥೆ ಕೆಟ್ಟಿತು. ಪರಿಹಾರವನ್ನು ಕಥೆಯಲ್ಲೇ ಹುಡುಕಬೇಕು. ಕಿಂಡಿ ಕಾಯುವುದು ದಣಿವಿನ ಕೆಲಸ. ‘ಓಬವ್ವ ಒಬ್ಬನನ್ನು ತಡೆದ ಮೇಲೆ ಕಾರ್ಡನ್ನು ಅಡ್ಡ ತಿರುಗಿಸಿ. ನಿಮ್ಮ ಸರದಿಯಲ್ಲಿ 1 ಹೊನ್ನು ಕೊಟ್ಟರೆ ಮಾತ್ರ ನೆಟ್ಟಗಾಗಿಸಬಹುದು.’ ಈಗ ಕಿಂಡಿ ಕಾಯುತ್ತಲೇ ಇರುವವರಿಗೆ ದೊಡ್ಡ ಕಾರ್ಡು ಇಳಿಸಲು ಹೊನ್ನು ಸಾಲದು. ದೊಡ್ಡ ಕಾರ್ಡು ಇಳಿಸಿದರೆ ಕಿಂಡಿ ತೆರೆಯುತ್ತದೆ. ಪ್ರತಿ ಸರದಿಯೂ ಒಂದು ನಿರ್ಧಾರ. ಅವಳ ಗಂಡ ಕಹಳೆ ಮುದ್ದಹನುಮನಿಗೆ ಬೇರೆ ಕಾರ್ಡು ಮಾಡಿ, ‘ಇಳಿದಾಗ ನಿಮ್ಮ ಅಡ್ಡ ತಿರುಗಿದ ಒಂದು ಕಾರ್ಡನ್ನು ನೆಟ್ಟಗಾಗಿಸಿ’ ಎಂದು ಬರೆದರೆ ಕಹಳೆಯ ಕೆಲಸವೂ ಆಯಿತು, ಇಬ್ಬರನ್ನೂ ಒಂದೇ ಕಟ್ಟಿನಲ್ಲಿ ಇಡಲು ಕಾರಣವೂ ಸಿಕ್ಕಿತು.

ನಿಯಮ ಇಷ್ಟು ಸ್ಪಷ್ಟವಾದ ಮೇಲೆ ಚಿತ್ರ ಏನಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕಿಂಡಿ ಕಾಣಬೇಕು. ಕಿಂಡಿಯಲ್ಲಿ ಒಂದೇ ತಲೆ ಕಾಣಬೇಕು. ಹಿಂದೆ ಇನ್ನೂ ಜನ ಇದ್ದಾರೆಂದು ಕತ್ತಲಲ್ಲಿ ಈಟಿಯ ತುದಿಗಳು ಸೂಚಿಸಿದರೆ ಸಾಕು. ಓಬವ್ವ ಕಿಂಡಿಯ ಪಕ್ಕಕ್ಕೆ ಒತ್ತಿ ನಿಂತಿರಬೇಕು. ಅವಳು ಕಾವಲುಗಾರನ ಹೆಂಡತಿ, ಕಚ್ಚೆ ಸೀರೆ ಸಾಕು, ರಾಣಿಯ ಒಡವೆ ಬೇಡ. ಇಲ್ಲೊಂದು ಅಳತೆಯ ತೊಡಕಿದೆ. ಕಾರ್ಡು 63 × 88 ಮಿ.ಮೀ., ಅದರಲ್ಲಿ ಚಿತ್ರದ ಚೌಕ ಸುಮಾರು 55 × 40 ಮಿ.ಮೀ., ಅಂದರೆ ಅಡ್ಡ ಚೌಕ. ಒನಕೆ ಉದ್ದನೆಯ ವಸ್ತು. ನಿಂತ ಹೆಂಗಸು ಒನಕೆಯನ್ನು ನೆಟ್ಟಗೆ ಮೇಲೆತ್ತಿದಂತೆ ಇಡೀ ಆಕೃತಿ ಬರೆದರೆ 40 ಮಿ.ಮೀ. ಎತ್ತರದಲ್ಲಿ ಮುಖಕ್ಕೆ ಸಿಗುವುದು ಮೂರು ನಾಲ್ಕು ಮಿಲಿಮೀಟರ್. ಕಣ್ಣು ಮೂಗು ಒಂದು ಚುಕ್ಕೆ. ಅದರ ಬದಲು ಒನಕೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿ, ಆಕೃತಿಯನ್ನು ಸೊಂಟಕ್ಕೆ ಕತ್ತರಿಸಿದರೆ ಮುಖ 9–10 ಮಿ.ಮೀ. ಬರುತ್ತದೆ, ಒನಕೆಯ ತುದಿ ಸೀದಾ ಕಿಂಡಿಯ ತಲೆಯತ್ತ ಕಣ್ಣನ್ನು ಎಳೆಯುತ್ತದೆ. ಎ4 ಹಾಳೆಯಲ್ಲಿ ಅದ್ಭುತವಾಗಿ ಕಂಡ ಚಿತ್ರ ಕಾರ್ಡಿನಲ್ಲಿ ಸೋಲುವುದು ಇಂಥ ಕಡೆಯೇ. ಪರೀಕ್ಷೆ ಸುಲಭ: ಚಿತ್ರವನ್ನು ಕಪ್ಪುಬಿಳುಪು ಮಾಡಿ 55 ಮಿ.ಮೀ. ಅಗಲಕ್ಕೆ ಇಳಿಸಿ, ತಲೆಕೆಳಗಾಗಿ ಮೇಜಿನ ಆಚೆ ತುದಿಯಲ್ಲಿಡಿ. ಎದುರಾಳಿಗೆ ಕಾಣುವುದು ಹಾಗೆಯೇ. ಯಾರು, ಏನು ಮಾಡುತ್ತಿದ್ದಾರೆ ಎಂದು ಆಗಲೂ ತಿಳಿದರೆ ಚಿತ್ರ ಪಾಸು.

ಇನ್ನು ಕೈಯಲ್ಲಿ ಬೀಸಣಿಗೆಯಂತೆ ಹರಡಿ ಹಿಡಿದಾಗ ಪ್ರತಿ ಕಾರ್ಡಿನ ಎಡ ಅಂಚಿನಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಪಟ್ಟಿ ಮಾತ್ರ ಕಾಣುತ್ತದೆ. ವೆಚ್ಚ ಮತ್ತು ಬಣದ ಗುರುತು ಅಲ್ಲೇ, ಎಡ ಮೇಲ್ಮೂಲೆಯಲ್ಲೇ ಇರಬೇಕು. ‘ಮ್ಯಾಜಿಕ್’ನಲ್ಲಿ ವೆಚ್ಚ ಬಲ ಮೇಲ್ಮೂಲೆಯಲ್ಲಿದೆ, ಅಷ್ಟು ಹೆಸರಾದ ಆಟದಲ್ಲೂ ಇದು ದಿನನಿತ್ಯದ ಕಿರಿಕಿರಿ. ಇಸ್ಪೀಟ್ ಎಲೆ ಹಿಡಿದು ಅಭ್ಯಾಸವಿರುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಮೈಸೂರಿನ ಗಂಜೀಫಾ ಎಂಬ ಹಳೆಯ ಆಟದ ಎಲೆಗಳನ್ನು ಬರೆದವರಿಗೂ ಇದು ಗೊತ್ತಿತ್ತು. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ, ಬಣಕ್ಕೆ 12 ಎಲೆ, ಒಟ್ಟು 120. ಪ್ರತಿ ಬಣದಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿ ಎಲೆಗಳು. ದುಂಡನೆಯ ಎಲೆಗಳಿಗೆ ಮೂಲೆಯೇ ಇಲ್ಲ, ಗುರುತು ಎಲ್ಲಿ ಹಾಕುವುದು? ಅದಕ್ಕೆ ಇಡೀ ಬಣದ ಹಿನ್ನೆಲೆಗೆ ಒಂದೊಂದು ಬಣ್ಣ. ಅಂಚು ಚೂರು ಕಂಡರೂ ಯಾವ ಬಣ ಎಂದು ಗೊತ್ತಾಗುತ್ತದೆ. ಅಂಕಿ ಎಲೆಯಲ್ಲಿ ಮೀನು, ಆಮೆ, ಕೊಡಲಿ ಹೀಗೆ ಅವತಾರದ ಗುರುತನ್ನು ಎಣಿಸಿದರಾಯಿತು. ಅರ್ಧ ಬಣಗಳಲ್ಲಿ ಅಂಕಿ ಎಲೆಗಳ ಹಿರಿತನ ತಿರುಗುಮುರುಗು, ಹಾಗಾಗಿ ಬಣ ತಪ್ಪಿ ಓದಿದರೆ ಕೈ ಸೋತಂತೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರು ಛದ್ ಎಂಬ ಹೊಸ ಎಲೆಯಾಟಗಳನ್ನೇ ಕಟ್ಟಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ದಾಖಲಿಸಿದ್ದಾರೆ. ಗಂಜೀಫಾವನ್ನು ಇವತ್ತು ನಾವು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತೇವೆ. ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ, ಆಡುವವರು ಸಿಗುವುದಿಲ್ಲ. ನಿಮ್ಮ ಸ್ಪರ್ಧೆಯ ಕಾರ್ಡುಗಳಿಗೆ ಆ ಗತಿ ಮೊದಲ ದಿನವೇ ಬರಬಾರದು ಎಂಬುದು ನಮ್ಮ ಆಸೆ. ಗಂಜೀಫಾದಿಂದ ಬಣ್ಣದ ಉಪಾಯ ತೆಗೆದುಕೊಳ್ಳುವಾಗ ಒಂದು ಎಚ್ಚರ: ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರೂ ಆಡುತ್ತಾರೆ, ಬಣ್ಣದ ಜೊತೆ ಆಕಾರದ ಗುರುತೂ ಇರಲಿ.

ಆಡಿ ನೋಡಲು ಖರ್ಚೇನಿಲ್ಲ. ಎ4 ಹಾಳೆಯಲ್ಲಿ 63 × 88 ಅಳತೆಯ ಒಂಬತ್ತು ಕಾರ್ಡು ಕೂರುತ್ತವೆ. ಇಬ್ಬರಿಗೆ ತಲಾ 30ರಂತೆ 60 ಕಾರ್ಡಿಗೆ ಏಳು ಹಾಳೆ. ಪೆನ್ನಿನಲ್ಲಿ ಹೆಸರು, ವೆಚ್ಚ, ನಿಯಮ ಬರೆದು ಕತ್ತರಿಸಿ. 66 × 91 ಮಿ.ಮೀ. ಪ್ಲಾಸ್ಟಿಕ್ ಸ್ಲೀವಿನಲ್ಲಿ ಹಳೆಯ ಇಸ್ಪೀಟ್ ಎಲೆಯನ್ನು ಬೆನ್ನಿಗೆ ಕೊಟ್ಟು ತೂರಿಸಿ. ಕಲೆಸಲು, ಹಂಚಲು ಅಸಲಿ ಕಾರ್ಡಿನಂತೆಯೇ ಇರುತ್ತದೆ, ನಿಯಮ ಬದಲಾದರೆ ಚೀಟಿ ಮಾತ್ರ ಬದಲಿಸಿದರಾಯಿತು. ಚಿತ್ರ ಇಲ್ಲದ ಈ ಚೀಟಿಯಲ್ಲೇ ಆಟ ರಂಜಿಸದಿದ್ದರೆ ಯಾವ ಕಲಾವಿದರೂ ಅದನ್ನು ಉಳಿಸಲಾರರು.

ಪ್ರತಿಗಳ ಲೆಕ್ಕವನ್ನೂ ಆಗಲೇ ಮಾಡಬೇಕು. 30ರ ಕಟ್ಟಿನಿಂದ ಮೊದಲಿಗೆ 5 ಕಾರ್ಡು ಕೈಗೆ ಬರುವ ಆಟದಲ್ಲಿ, ಓಬವ್ವ ಒಂದೇ ಇದ್ದರೆ ಮೊದಲ ಕೈಯಲ್ಲೇ ಬರುವ ಸಾಧ್ಯತೆ ಶೇ 17. ಎರಡಿದ್ದರೆ ಶೇ 31, ಮೂರಿದ್ದರೆ ಶೇ 43. ನೆಚ್ಚಿನ ನಾಯಕಿ ಕೈಗೇ ಬರದಿದ್ದರೆ ಮಕ್ಕಳಿಗೆ ಬೇಸರ. ಎರಡು ಒಟ್ಟಿಗೆ ಮೇಜಿಗಿಳಿದರೆ ಕಥೆಗೆ ಅಪಚಾರ. ಕಟ್ಟಿನಲ್ಲಿ ಎರಡು ಇಡಬಹುದು, ಮೇಜಿನ ಮೇಲೆ ಒಂದೇ ಇರಬೇಕು ಎಂಬ ನಿಯಮ ಎರಡಕ್ಕೂ ಮದ್ದು. ಅಗ್ಗದ ಕಾರ್ಡುಗಳು ಕಡಿಮೆಯಾದರೆ ಇನ್ನೊಂದು ತೊಂದರೆ: 1 ಹೊನ್ನಿನವು ಐದೇ ಇದ್ದರೆ ಶೇ 37ರಷ್ಟು ಆಟಗಳಲ್ಲಿ ಮೊದಲ ಕೈಯಲ್ಲಿ ಒಂದೂ ಇರುವುದಿಲ್ಲ, ಆಟಗಾರರು ಬೆಪ್ಪಾಗಿ ಕೂರುತ್ತಾರೆ. ಎಂಟು ಇಟ್ಟರೆ ಅದು ಶೇ 18ರ ಆಸುಪಾಸಿಗೆ ಇಳಿಯುತ್ತದೆ. ಪೋಕೆಮಾನ್‌ನ 60ರ ಕಟ್ಟಿಗೂ ಇದೇ ಗಣಿತ. ನೇರವಾಗಿ ಇಳಿಸಬಹುದಾದ ಪೋಕೆಮಾನ್ ಎಂಟೇ ಇದ್ದರೆ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಲ ಏಳು ಕಾರ್ಡಿನ ಕೈಯನ್ನು ಮರಳಿ ಕಲೆಸಬೇಕಾಗುತ್ತದೆ. ಸ್ಪರ್ಧೆಗೆ ಬರುವವರೆಲ್ಲ ರಾಜರನ್ನೂ ದೈವಗಳನ್ನೂ ಬರೆಯುತ್ತಾರೆ, ಸಾಮಾನ್ಯ ಸೈನಿಕನನ್ನು, ಬೆಸ್ತನನ್ನು, ಹಾಲು ಮಾರುವವಳನ್ನು ಯಾರೂ ಬರೆಯುವುದಿಲ್ಲ. ಆಟ ನಡೆಯುವುದು ಮಾತ್ರ ಅವರಿಂದ. ಅವರಿಗಾಗಿಯೇ ಬೇರೆ ವಿಭಾಗ ಮಾಡಿದರೆ ತಪ್ಪಿಲ್ಲ.

ಕನ್ನಡದಲ್ಲಿ ಮುದ್ರಿಸುವಾಗ ಬೇರೆಯದೇ ಎಚ್ಚರಗಳಿವೆ. ಇಂಗ್ಲಿಷ್ ಕಾರ್ಡು 7 ಪಾಯಿಂಟ್ ಅಕ್ಷರದಲ್ಲಿ ದಾಟಿಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳು ಆ ಗಾತ್ರದಲ್ಲಿ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತವೆ. ಕಡೇಪಕ್ಷ 8.5 ಪಾಯಿಂಟ್, ಸಾಲಿನ ಅಂತರ 12 ಪಾಯಿಂಟ್ ಬೇಕು. ಹಾಗಾದರೆ ನಿಯಮ 25 ಪದ ಮೀರುವಂತಿಲ್ಲ. ಮೀರಿದರೆ ಅಕ್ಷರ ಕುಗ್ಗಿಸಬೇಡಿ, ನಿಯಮ ಕುಗ್ಗಿಸಿ. ಒಂದು ಕಾರ್ಡಿನಲ್ಲಿ ‘ಸರದಿ’, ಇನ್ನೊಂದರಲ್ಲಿ ‘ಪಾಳಿ’ ಎಂದರೆ ಆಟಗಾರರು ಅವೆರಡೂ ಬೇರೆ ಎಂದೇ ತಿಳಿದು ಜಗಳ ಹಚ್ಚುತ್ತಾರೆ, ಆದ್ದರಿಂದ ಮೊದಲೇ ಪದಪಟ್ಟಿ ಮಾಡಿಕೊಳ್ಳಬೇಕು. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರು ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತು, ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿ. ಅಕ್ಷರಕ್ಕೆ ಬರೀ ಕಪ್ಪು ಮಸಿ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪು ಕೂದಲೆಳೆ ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಕತ್ತರಿಸುವ ಯಂತ್ರ ಒಂದು ಮಿಲಿಮೀಟರ್ ಸರಿಯುವುದು ಮಾಮೂಲು. ಕಾರ್ಡಿನ ಸುತ್ತ 2 ಮಿ.ಮೀ. ಬಿಳಿ ಅಂಚು ಬಿಟ್ಟಿದ್ದರೆ ಒಂದು ಕಡೆ 1, ಇನ್ನೊಂದು ಕಡೆ 3 ಆಗಿ ಅಸಹ್ಯವಾಗಿ ಕಾಣುತ್ತದೆ. ಅಂಚು 4 ಮಿ.ಮೀ. ಇಡಿ, ಇಲ್ಲವೇ ಅಂಚೇ ಬಿಡದೆ ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಬೆಳೆಸಿ. ಹಾಗೆ ಬೆಳೆಸಿದಾಗ ಅಳತೆ 69 × 94. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 815 × 1110 ಪಿಕ್ಸೆಲ್. ಚಿತ್ರವನ್ನು ಅದರ ಎರಡರಷ್ಟರಲ್ಲಿ ತರಿಸಿಕೊಳ್ಳುವುದು ಕ್ಷೇಮ. 12 × 18 ಇಂಚಿನ ಹಾಳೆಯಲ್ಲಿ ಇಂಥ 18 ಕಾರ್ಡು ಬರುತ್ತವೆ, ಅಂದರೆ 60ಕ್ಕೆ ನಾಲ್ಕು ಹಾಳೆ, 12 ಜಾಗ ಉಳಿಯುತ್ತದೆ. ನಿಯಮದ ಕಾರ್ಡುಗಳನ್ನು ಅಲ್ಲೇ ಸೇರಿಸಿ. ಬೆನ್ನಿನ ಬಣ್ಣ ಎಲ್ಲ ಹಾಳೆಗೂ ಒಂದೇ ಪಾಳಿಯಲ್ಲಿ ಅಚ್ಚಾಗಬೇಕು. ಒಂದು ಹಾಳೆ ಚೂರು ತಿಳಿಯಾದರೂ ಓಬವ್ವ ಯಾವುದು ಎಂದು ಹಿಂದಿನಿಂದಲೇ ಗುರುತಿಸುತ್ತಾರೆ. ಒಂದೇ ಬದಿಗೆ ಲ್ಯಾಮಿನೇಷನ್ ಬೇಡ. ಒಂದು ಬದಿ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಕಾರ್ಡು ದೊಪ್ಪೆಯಂತೆ ಬಾಗುತ್ತದೆ. ಮಿಂಚುವ ಫಾಯಿಲ್ ಕಾರ್ಡುಗಳು ಮಳೆಗಾಲದ ಮಂಗಳೂರಿನಲ್ಲಿ ಸುರುಳಿ ಸುತ್ತುವುದೂ ಇದೇ ಕಾರಣಕ್ಕೆ. ಬಹುಮಾನಿತ ಚಿತ್ರಕ್ಕೆ ಫಾಯಿಲ್ ಹಾಕುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ.

ಹಕ್ಕಿನ ಮಾತು ನಮೂನೆಯಲ್ಲಿ ಒಂದೇ ಸಾಲಿನಲ್ಲಿದೆ: ‘ಚಿತ್ರಗಳು ಪತ್ರಿಕೆಯ ಸ್ವತ್ತು’. ಸ್ಪರ್ಧೆಗೆ ಕಳಿಸಿದ ಮಾತ್ರಕ್ಕೆ ಸ್ವತ್ತಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗೆದ್ದವರೊಂದಿಗೆ ಒಂದು ಪುಟದ ಕರಾರು ಮಾಡಿಕೊಳ್ಳಿ, ಕಾರ್ಡಿನ ಕೆಳ ಅಂಚಿನಲ್ಲಿ ಕಲಾವಿದರ ಹೆಸರು ಹಾಕಿ. ಪೋಕೆಮಾನ್, ಮ್ಯಾಜಿಕ್ ಎರಡರಲ್ಲೂ ಕಾರ್ಡಿನ ಮೇಲೆ ಕಲಾವಿದರ ಹೆಸರು ಹಾಕುತ್ತಾರೆ. ಅರಿತನ ಹೆಸರು ಮಕ್ಕಳ ಬಾಯಲ್ಲೂ ಇರುವುದು ಅದರಿಂದಲೇ.

ಮುದ್ರಿಸಿದ್ದನ್ನು ಮಾರುವುದಾದರೆ ಮುಚ್ಚಿದ ಪೊಟ್ಟಣದಲ್ಲಿ ಅದೃಷ್ಟದ ಮೇಲೆ ಬೇಡ, 60 ಕಾರ್ಡಿನ ತೆರೆದ ಡಬ್ಬಿಯೇ ಸಾಕು. ಅಪರೂಪದ ಕಾರ್ಡೇ ಬಲಿಷ್ಠ ಎಂದಾದರೆ ಗೆಲ್ಲುವುದು ಅಪ್ಪನ ಜೇಬು. ಪೊಟ್ಟಣದಲ್ಲೇ ಮಾರುವ ಮ್ಯಾಜಿಕ್‌ನಲ್ಲೂ ಒಂದು ಮಾನಾಕ್ಕೆ (ಆ ಆಟದ ಹೊನ್ನು) 3 ಏಟು ಹಾಕುವ ‘ಲೈಟ್ನಿಂಗ್ ಬೋಲ್ಟ್’ ಮೊದಲ ಸೆಟ್ಟಿನಲ್ಲಿ ಎಲ್ಲರಿಗೂ ಸಿಗುವ ಸಾಮಾನ್ಯ ಕಾರ್ಡಾಗಿತ್ತು.

ಇಷ್ಟನ್ನೂ ಸ್ಪರ್ಧಿಗಳೇ ಮಾಡಲಿ ಎಂದು ನಾವು ಹೇಳುತ್ತಿಲ್ಲ. ನಮೂನೆಯಲ್ಲಿ ಮೂರು ಅಂಕಣ ಸೇರಿಸಿದರೆ ಸಾಕು: 55 × 40 ಮಿ.ಮೀ. ಚೌಕದಲ್ಲಿ ಅದೇ ಚಿತ್ರದ ಕಿರುರೂಪ. ಈ ಪಾತ್ರ ಮಾತ್ರ ಮಾಡಬಲ್ಲ ಒಂದು ಕೆಲಸ, 25 ಪದದೊಳಗೆ. ಅದಕ್ಕೆ ಪಾತ್ರ ತೆರಬೇಕಾದ ಬೆಲೆ. ಕೊನೆಯ ಸುತ್ತಿಗೆ ಬಂದ ಕಾರ್ಡುಗಳನ್ನು ಚೀಟಿಯಲ್ಲಿ ಬರೆದು, ತೀರ್ಪುಗಾರರ ಜೊತೆಗೆ ನಾಲ್ಕಾರು ಹೈಸ್ಕೂಲ್ ಮಕ್ಕಳನ್ನೂ ಕೂರಿಸಿ ಒಂದು ಮಧ್ಯಾಹ್ನ ಆಡಿಸಿ. ಅರ್ಜಿಗೆ ಇನ್ನೂ ಸಮಯವಿದೆ. ತಿದ್ದಿದ ನಮೂನೆಯನ್ನು ಮುಂದಿನ ಭಾನುವಾರವೇ ಪ್ರಕಟಿಸಿ, ಈಗಾಗಲೇ ಚಿತ್ರ ಕಳಿಸಿದವರು ನಿಯಮವನ್ನು ಪ್ರತ್ಯೇಕವಾಗಿ ಅಂಚೆಯಲ್ಲಿ ಕಳಿಸಲು ಅವಕಾಶ ಕೊಡಬೇಕೆಂದು ಕೋರುತ್ತೇವೆ.

ಇಂತಿ,
ಕಾರ್ಡ್ ಮತ್ತು ಬೋರ್ಡ್ ಆಟಗಳ ವಿನ್ಯಾಸದ ಕೆಲಸದಲ್ಲಿರುವ ಇಬ್ಬರು ಓದುಗರು,
ಮೈಸೂರು